ಬದುವಿನ ಲೆಕ್ಕ

ಅಂದು ಮಧ್ಯಾಹ್ನ ಎರಡು ಗಂಟೆಗೆ ಟೇಪಿನ ರೀಲು ಮುಗಿದು ಟಪಟಪನೆ ಬಡಿದುಕೊಳ್ಳತೊಡಗಿದಾಗ ಆತ್ಮಾರಾಮರು ಕುರ್ಚಿ ಬಿಟ್ಟು ಎದ್ದರು.

೧೯೮೬ರ ಮಾತು. ತಾಂಡೂರಿನ ಹೊರಗಿದ್ದ ಒಂದು ಸಿಮೆಂಟ್ ಕಾರ್ಖಾನೆಯ ಕಂಪ್ಯೂಟರ್ ಕೋಣೆಗೆ ಅವರು ಮೇಲ್ವಿಚಾರಕರು. ಡಿಸ್ಕು ಕೆಡತೊಡಗಿತ್ತು. ಅದನ್ನು ಕಳಚಿ ಒಯ್ಯಲು ಹೈದರಾಬಾದಿನಿಂದ ಇಂಜಿನಿಯರ್ ಶಿವಶಂಕರಪ್ಪ ಬಂದಿದ್ದರು. ನಾಲ್ಕೂವರೆಯ ರೈಲಿಗೆ ಹೊರಡುವವರು. ಡಿಸ್ಕಿನಲ್ಲಿದ್ದದ್ದು ಗಣಿಯ ಆರುನೂರು ಕೂಲಿಗಳ ಮುನ್ನೂರು ದಿನಗಳ ಹಾಜರಿ, ಒಂದು ಲಕ್ಷ ಎಂಬತ್ತು ಸಾವಿರ ಸಾಲು. ಹಾಜರಿ ಪುಸ್ತಕಗಳು ಗೆದ್ದಲಿನ ಪಾಲಾಗಿದ್ದವು. ಇದೂ ಹೋದರೆ ದುಡಿದ ದಿನಗಳಿಗೆ ಪುರಾವೆಯಿಲ್ಲದೆ ಯಾಲಾಲ್, ಪೆದ್ದೆಮುಲ್ ಕಡೆಯ ಆ ಜನ ಕಾಯಂ ಆಗುವ ಆಸೆ ಬಿಡಬೇಕು. ಮ್ಯಾಗ್ನೆಟಿಕ್ ಟೇಪಿಗೆ ನಕಲು ಇಳಿಸಿಕೊಳ್ಳುವುದೊಂದೇ ದಾರಿ. ಬೀರುವಿನಲ್ಲಿದ್ದದ್ದು ಎರಡೇ ರೀಲು.

ಬೆಳಿಗ್ಗೆ ಶಿವಶಂಕರಪ್ಪ ಲೆಕ್ಕ ಹೇಳಿದ್ದರು. ರೀಲು ಎರಡು ಸಾವಿರದ ನಾನೂರು ಅಡಿ. ಇಂಚಿಗೆ ಸಾವಿರದ ಆರುನೂರು ಅಕ್ಷರ. ಸಾಲಿಗೆ ಎಂಬತ್ತು ಅಕ್ಷರ. "ಒಂದ ರೀಲಿನ ಮೂರನೇ ಪಾಲೂ ತುಂಬಂಗಿಲ್ಲ, ತಗೋರಿ!"

ಈಗ ರೀಲು ಪೂರ್ತಿ ತುಂಬಿತ್ತು. ಇಳಿದಿದ್ದದ್ದು ನಲವತ್ತನಾಲ್ಕು ಸಾವಿರದ ಮುನ್ನೂರು ಸಾಲು.

"ಟೇಪೇ ಖರಾಬ್ ಅದ. ಎರಡನೇದು ಹಾಕ್ರಿ," ಎಂದರು ಶಿವಶಂಕರಪ್ಪ.

"ನಿಂದರ್ರಿ ಸಾಹೇಬ್ರ," ಎಂದಳು ಸುಗಲಾಬಾಯಿ. ಹಾಜರಿಯನ್ನೆಲ್ಲ ಕೀಲಿಮಣೆಯಲ್ಲಿ ಒತ್ತಿ ತುಂಬಿದವಳು ಅವಳೇ. ಪೆದ್ದೆಮುಲ್‌ನ ಒಕ್ಕಲು ಮನೆಯ ಮಗಳು. "ಟೇಪ್ ಛಲೋನೇ ಅದ. ಲೆಕ್ಕದಾಗ ಒಂದು ಬಿಟ್ಟದ."

"ಈಗ ನಮಗ ಮಗ್ಗಿ ಕಲಸ್ತೀಯೇನವಾ?" ಎಂದರು ಶಿವಶಂಕರಪ್ಪ.

ಅವಳು ಕಾಗದ ಎಳೆದುಕೊಂಡಳು. ರೀಲಿನ ಇಪ್ಪತ್ತೆಂಟು ಸಾವಿರದ ಎಂಟುನೂರು ಇಂಚನ್ನು ಇಳಿದ ಸಾಲುಗಳಿಂದ ಭಾಗಿಸಿದಳು. ಇಂಚನ್ನು ಇಪ್ಪತ್ತು ಪಾಲು ಮಾಡಿದರೆ ಒಂದು ಸಾಲು ಹದಿಮೂರು ಪಾಲು ನುಂಗಿತ್ತು. ಎಂಬತ್ತು ಅಕ್ಷರಕ್ಕೆ ಬೇಕಾದದ್ದು ಒಂದೇ ಪಾಲು.

"ಉಳಿದ ಹನ್ನೆರಡು ಖಾಲಿ. ಪ್ರತಿ ಸಾಲಿಗೂ ಟೇಪ್ ನಿಂತು ಹೊಂಟದ, ನೋಡೀರಲ್ಲ? ನಿಲ್ಲಾಕ, ಓಡಾಕ ಜಾಗ ಬೇಕು. ಹೊಲದಾಗ ಸಾಲಿಗೊಂದು ಬದು ಹಾಕಿದ್ರ ತೊಗರಿ ಎಲ್ಲಿ ಬಿತ್ತತೀರಿ?"

ಯಾರೂ ಹೇಳಿಕೊಡದ ಖಾಲಿ ಜಾಗವನ್ನು ಬರೀ ಭಾಗಾಕಾರದಿಂದ ಅಳೆದ ಆ ಪೆನ್ಸಿಲನ್ನು ಆತ್ಮಾರಾಮರು ಕಣ್ಣು ಕೀಳದೆ ನೋಡಿದರು. ಇಪ್ಪತ್ತು ವರ್ಷ ಲೆಕ್ಕದಲ್ಲೇ ಸವೆಸಿದ ತಮಗೆ ಇದು ಹೊಳೆದಿರಲಿಲ್ಲ.

"ಮತ್ತೇನು ಮಾಡಾಮು, ತಂಗಿ?"

"ಇಪ್ಪತ್ತು ಸಾಲು ಕೂಡಿಸಿ ಒಂದ ಗಂಟು ಕಟ್ಟಾಮ್ರಿ ಅಣ್ಣಾ. ಒಂಬತ್ತು ಸಾವಿರ ಗಂಟು. ಗಂಟಿಗೆ ಬರಹಕ್ಕ ಇಪ್ಪತ್ತು ಪಾಲು, ಒಂದ ಬದುವಿಗೆ ಹನ್ನೆರಡು. ಸಾವಿರದ ಎರಡನೂರು ಅಡಿ. ಅರ್ಧ ರೀಲು."

ಶಿವಶಂಕರಪ್ಪ ಗಡಿಯಾರ ನೋಡಿದರು. "ಇದೂ ತಪ್ಪಿದ್ರ ಮೊದಲನೇ ರೀಲಿನ ಮ್ಯಾಲ ಮತ್ತ ಬರಿಯಾಕ ವ್ಯಾಳ್ಯಾ ಇಲ್ಲ. ಯಾರ ಜಿಮ್ಮೇದಾರಿ?"

"ನಂದು," ಎಂದರು ಆತ್ಮಾರಾಮರು. ಕೊನೆಯ ರೀಲನ್ನು ತಾವೇ ಏರಿಸಿ, ಇಪ್ಪತ್ತು ಸಾಲಿಗೊಂದು ಗಂಟು ಎಂದು ಯಂತ್ರಕ್ಕೆ ಆಜ್ಞೆ ಕೊಟ್ಟರು.

ಈ ಸಲ ಟೇಪು ತಡವರಿಸದೆ ಹರಿಯಿತು. ನಿಂತಾಗ ಅರ್ಧ ಟೇಪು ಇನ್ನೂ ಖಾಲಿಯೇ. ಮರಳಿ ಓದಿಸಿದರು. ಒಂದು ಲಕ್ಷ ಎಂಬತ್ತು ಸಾವಿರ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ಶಿವಶಂಕರಪ್ಪ ಡಿಸ್ಕು ಕಳಚಿ ಪೆಟ್ಟಿಗೆಯಲ್ಲಿ ಇಟ್ಟರು. ಬಾಗಿಲವರೆಗೆ ಹೋದವರು ತಿರುಗಿ ಬಂದರು.

"ಆ ಕಾಗದ ಕೊಡ್ರಿ, ಬಾಯಿ. ಹೈದರಾಬಾದಿನಾಗ ನಮ್ಮವರಿಗೆ ತೋರಸಬೇಕು."

ಆಗಿನ "ಕಲಸ್ತೀಯೇನವಾ" ಈಗ "ಕೊಡ್ರಿ, ಬಾಯಿ" ಆಗಿತ್ತು. ಆತ್ಮಾರಾಮರು ಅದನ್ನೂ ಗಮನಿಸಿದರು.