ಹೆಲೆನಾ ಅಜ್ಜಿಯ ‘ತಾಕ್’

ನಾನು ಕಿವಿಯ ಹಿಂದೆ ಕೂರುವ ಒಂದು ಸಣ್ಣ ಯಂತ್ರ. ಶ್ರವಣಸಾಧನ ಎಂದು ಬರೆಯುತ್ತಾರೆ, ಕಿವಿಯ ಮಿಷನ್ ಎಂದು ಕರೆಯುತ್ತಾರೆ. ಹುಟ್ಟಿದ್ದು ಡೆನ್ಮಾರ್ಕಿನ ಒಂದು ಕಾರ್ಖಾನೆಯಲ್ಲಿ. ಬಿಳಿ ಕೈಗವಸು ತೊಟ್ಟ ಹೆಂಗಸೊಬ್ಬಳು ಕೂದಲೆಳೆಯಂಥ ತಂತಿಗಳನ್ನು ಬೆಸೆದು, ಬೂದುಬಣ್ಣದ ಚಿಪ್ಪಿನೊಳಗಿಟ್ಟು ಮುಚ್ಚಿದಳು. ಬ್ಯಾಟರಿ ಹಾಕಿದಾಗ ನನಗೆ ಮೊದಲು ಕೇಳಿಸಿದ್ದು ಅವಳ ಆಕಳಿಕೆ. ಕೇಳಿದ್ದನ್ನು ದೊಡ್ಡದು ಮಾಡಿ ಒಳಕ್ಕೆ ದಾಟಿಸುವುದಷ್ಟೇ ನನ್ನ ಕೆಲಸ. ಬಾಯಿಯೊಂದನ್ನು ನನಗೆ ಯಾರೂ ಇಡಲಿಲ್ಲ.

ಮೊದಲ ಯಜಮಾನ ಯೋರಾನ್. ಸ್ವೀಡನ್ನಿನಿಂದ ಬಂದು ನೆಲೆಸಿದವನು. ವಯಸ್ಸಿದ್ದಾಗ ಮನೆಗಳಿಗೆ ಮಾಡು ಹೊದಿಸುತ್ತಿದ್ದವನು. ಹೆಂಡತಿ ಡೆನ್ಮಾರ್ಕಿನವಳು. ಅವನು ಕಾಫಿ ಕೊಟ್ಟರೆ ಅವಳು “ಟಾಕ್” ಎನ್ನುವಳು. ಅವಳ ಭಾಷೆಯಲ್ಲಿ ಅದು ಧನ್ಯವಾದ. ಅವನ ಭಾಷೆಯಲ್ಲಿ ಅದೇ ಪದಕ್ಕೆ ಮನೆಯ ಮಾಡು, ಚಾವಣಿ ಎಂದರ್ಥ. “ಮಾಡಿಗೇನಾಯಿತೇ, ಸೋರುತ್ತಿದೆಯಾ?” ಎಂದು ಅವನು ಮೇಲಕ್ಕೆ ನೋಡುವನು. ಮದುವೆಯಾದಂದಿನಿಂದ ಹಳಸಿಹೋದ ಆ ತಮಾಷೆಗೆ ಅವಳು ಪ್ರತಿಸಲವೂ ನಗುವಳು. ಅವಳು ತೀರಿಕೊಂಡ ಮೇಲೆ ಯೋರಾನ್ ನನ್ನನ್ನು ತೆಗೆದಿಟ್ಟ. ಕೇಳುವಂಥದ್ದು ಇನ್ನೇನಿದೆ ಎಂದುಕೊಂಡನೇನೋ.

ಅವನೂ ಹೋದ ಮೇಲೆ ನನ್ನನ್ನು ಆಸ್ಪತ್ರೆಗೆ ಮರಳಿಸಿದರು. ಅಲ್ಲಿ ತೊಳೆದು ಒರೆಸಿ, ಹೊಸ ಕಿವಿಯ ಅಳತೆಗೆ ಅಚ್ಚು ಕೂರಿಸಿ, ಕಡಲತಡಿಯ ಊರೊಂದರ ವೃದ್ಧಾಶ್ರಮಕ್ಕೆ ಕಳಿಸಿದರು. ಹಾಗೆ ನಾನು ಹೆಲೆನಾಳ ಕಿವಿ ಸೇರಿದೆ. ಹೆಲೆನಾ ಬಡಗಿಯೊಬ್ಬನ ವಿಧವೆ. ಮಕ್ಕಳಿಲ್ಲ. ಮರೆವಿನ ರೋಗ ಗಂಡನ ಹೆಸರಿನಿಂದ ಹಿಡಿದು ಚಮಚದ ಹೆಸರಿನವರೆಗೆ ಎಲ್ಲವನ್ನೂ ಒರೆಸಿಹಾಕಿತ್ತು. ನಾನು ಬರುವ ಹೊತ್ತಿಗೆ ಅವಳ ಬಾಯಲ್ಲಿ ಉಳಿದದ್ದು ಒಂದೇ ಮಾತು, “ತಾಕ್.”

ಅವಳನ್ನು ನೋಡಿಕೊಳ್ಳುತ್ತಿದ್ದ ನರ್ಸ್ ಸುಚರಿತಾ, ಮಂಗಳೂರಿನ ಬಲ್ಮಠದವಳು. ಡೇನಿಶ್ ಭಾಷೆಯನ್ನು ಕಷ್ಟಪಟ್ಟು ಕಲಿತು ಕೆಲಸಕ್ಕೆ ಸೇರಿದ್ದಳು. ಬೆಳಿಗ್ಗೆ ನನ್ನನ್ನು ಒರೆಸಿ, ಅಂಗೈಯಲ್ಲಿ ಬೆಚ್ಚಗೆ ಮಾಡಿ, ಆಮೇಲೆ ಹೆಲೆನಾಳ ಕಿವಿಗೆ ಇಡುವಳು. ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ.

“ನೀರು ಬೇಕಾ?” ಎಂದು ಕೇಳಿದರೆ “ತಾಕ್.” ಸುಚರಿತಾ ಕುಡಿಸುವಳು. “ಕಿಟಕಿ ತೆರೆಯಲಾ?” “ತಾಕ್.” ತೆರೆಯುವಳು. ಒಂದು ಪದದಲ್ಲೇ ಇಬ್ಬರ ಸಂಸಾರ ಸಾಗುತ್ತಿತ್ತು. ಬಿಡುವಿನಲ್ಲಿ ಅದೇ ಕೋಣೆಯ ಕಿಟಕಿಯ ಬಳಿ ನಿಂತು ಸುಚರಿತಾ ಊರಿನ ಅಕ್ಕನಿಗೆ ಫೋನ್ ಮಾಡುವಳು.

“ಇಲ್ಲಿ ಒಬ್ರು ಅಜ್ಜಿ ಇದ್ದಾರೆ ಅಕ್ಕ. ಎಲ್ಲ ಮರ್ತು ಹೋಗಿದೆ, ಥ್ಯಾಂಕ್ಸ್ ಹೇಳ್ಲಿಕ್ಕೆ ಮಾತ್ರ ಮರೀಲಿಲ್ಲ ನೋಡು. ಅವರು ‘ತಾಕ್’ ಅಂತಾರೆ, ಇಲ್ಲಿಯವರ ಹಾಗೆ ‘ಟ’ ಬರುದಿಲ್ಲ. ಬಾಯಲ್ಲಿ ಹಲ್ಲಿಲ್ಲ ಅಲ್ವಾ, ಪಾಪ.”

ನನಗೂ ಆ ವ್ಯತ್ಯಾಸ ಕೇಳಿಸಿತ್ತು. ನಾನೂ ಹಲ್ಲಿನ ದೋಷವೆಂದೇ ತಿಳಿದೆ.

ಚಳಿಗಾಲದ ಒಂದು ಮುಂಜಾನೆ ಹೆಲೆನಾ ಕುರ್ಚಿಯಿಂದ ಜಾರಿ ಬಿದ್ದಳು. ಆ ಪಾಳಿಯಲ್ಲಿದ್ದವರು ಎತ್ತಿ ಮಲಗಿಸಿದರು. ಗಾಯವಿರಲಿಲ್ಲ, ಬಾವೂ ಅಷ್ಟಾಗಿ ಕಾಣಲಿಲ್ಲ. ಸುಚರಿತಾ ಬಂದವಳೇ ಬಗ್ಗಿ ಕೇಳಿದಳು, “ಹೆಲೆನಾ, ನೋವಿದೆಯಾ?”

“ತಾಕ್.”

ಕೇಳಿದ್ದಕ್ಕೆ ಅಜ್ಜಿ ಉಪಕಾರ ಹೇಳಿದಳೆಂದು ಸುಚರಿತಾ ಅವಳ ಹಣೆ ಸವರಿದಳು. ಡಾಕ್ಟರು ಬಂದು ಕೇಳಿದರು. “ತಾಕ್.” ಅವರು ನಕ್ಕು, ಎಂಥ ಸೌಜನ್ಯ ಎಂದು ಹೋದರು. ಮಗ್ಗುಲು ಬದಲಿಸುವಾಗ ಮಾತ್ರ ಅವಳ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಅಷ್ಟು ಹತ್ತಿರ ಕೂತ ನನಗೆ ಅದು ಕೇಳಿಸುತ್ತಿತ್ತು. ಸುಚರಿತಾಳಿಗೂ ಅನುಮಾನ ಬಂತು. ದಿನವೂ ಮತ್ತೆ ಮತ್ತೆ ಕೇಳಿದಳು. ದಿನವೂ ಅದೇ ಉತ್ತರ ಬಂತು. ಕೊನೆಕೊನೆಗೆ ಹೆಲೆನಾ ಆ ಪದವನ್ನು ಅಳುತ್ತ ಹೇಳತೊಡಗಿದಳು. ಮರೆವಿನವರು ಕಾರಣವಿಲ್ಲದೆ ಅಳುವುದುಂಟು ಎಂದರು ಉಳಿದವರು.

ಹೀಗಿರುವಾಗ ಪೋಲೆಂಡಿನಿಂದ ಹೆಲೆನಾಳ ತಂಗಿ ಇರೇನಾ ನೋಡಲು ಬಂದಳು. ಅಕ್ಕ ಹುಟ್ಟಿ ಬೆಳೆದದ್ದು ಅಲ್ಲೇ ಎಂಬುದು ಆಶ್ರಮದ ಕಾಗದದಲ್ಲಿ ಇದ್ದಿರಬಹುದು, ಯಾರ ಮನಸ್ಸಿನಲ್ಲೂ ಇರಲಿಲ್ಲ. ಇರೇನಾ ಅಕ್ಕನ ಕೈ ಹಿಡಿದು ತಮ್ಮ ಭಾಷೆಯಲ್ಲಿ ಏನೋ ಕೇಳಿದಳು. ಹೆಲೆನಾ “ತಾಕ್, ತಾಕ್” ಎಂದಳು. ಇರೇನಾ ಥಟ್ಟನೆ ಪಕ್ಕದಲ್ಲಿದ್ದ ಸುಚರಿತಾಳತ್ತ ತಿರುಗಿದಳು.

“ನೋವು ಅನ್ನುತ್ತಿದ್ದಾಳಲ್ಲ! ಔಷಧ ಕೊಟ್ಟಿಲ್ಲವೇ?” ಎಂದು ಹರಕು ಇಂಗ್ಲಿಷಿನಲ್ಲಿ ಕೇಳಿದಳು.

“ಇಲ್ಲ, ಅವರು ಥ್ಯಾಂಕ್ಸ್ ಹೇಳ್ತಿದ್ದಾರೆ,” ಎಂದಳು ಸುಚರಿತಾ.

“ಯಾವ ಥ್ಯಾಂಕ್ಸ್? ನಮ್ಮ ಭಾಷೆಯಲ್ಲಿ ತಾಕ್ ಅಂದರೆ ಹೌದು.”

ಸುಚರಿತಾಳ ಕೈಯಲ್ಲಿದ್ದ ಟವೆಲ್ ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳಬೇಕೆಂದು ಅವಳಿಗೆ ಹೊಳೆಯಲಿಲ್ಲ.

ಎಕ್ಸ್‌ರೇಯಲ್ಲಿ ಸೊಂಟದ ಮೂಳೆ ಮುರಿದದ್ದು ಕಂಡಿತು. ಆಪರೇಷನ್ ಆಯಿತು, ನಂತರ ಎದೆಯಲ್ಲಿ ಕಫ ಕಟ್ಟಿತು. ತಂಗಿಯ ದನಿ ಕಿವಿಗೆ ಬಿದ್ದುದಕ್ಕೋ ಏನೋ, ಕೊನೆಯ ದಿನಗಳಲ್ಲಿ ಹೆಲೆನಾಳ ಹಳೆಯ ಮಾತುಗಳು ಒಂದೊಂದಾಗಿ ಮರಳಿದವು. ಆಸ್ಪತ್ರೆಯ ಹಾಸಿಗೆಯಲ್ಲಿ ಅವಳು ಪಿಸುಗುಟ್ಟುತ್ತಲೇ ಇದ್ದಳು. ನನಗೆ ಸದ್ದು ಕೇಳಿಸಿತು, ಅರ್ಥ ತಿಳಿಯಲಿಲ್ಲ. ಒಂದು ಮಧ್ಯಾಹ್ನ ಆ ಸದ್ದೂ ನಿಂತಿತು.

ಕೋಣೆ ಖಾಲಿ ಮಾಡಲು ಬಂದ ಇರೇನಾಳ ಮುಂದೆ ಸುಚರಿತಾ ಕೈಕಟ್ಟಿ ನಿಂತಳು. “ನನ್ನದು ತಪ್ಪಾಯ್ತು,” ಎಂದಳು.

ಇರೇನಾ ಅವಳ ಮುಖ ನೋಡಲಿಲ್ಲ. “ಪರವಾಗಿಲ್ಲ ಅನ್ನಲು ನನ್ನಿಂದಾಗದು. ಆದರೆ ಅಕ್ಕ ಹೇಳಿದ್ದನ್ನು ಒಪ್ಪಿಸಬೇಕು,” ಎಂದು ಚೀಲದಿಂದ ನನ್ನನ್ನು ತೆಗೆದಳು. “ಹೀಗಂದಳು: ಆ ಹುಡುಗಿ ಬಹಳ ಒಳ್ಳೆಯವಳು. ನೋವಿದೆಯಾ ಅಂತ ದಿನವೂ ಕೇಳುತ್ತಿದ್ದಳು, ನಾನು ಹೌದು ಅನ್ನುತ್ತಿದ್ದೆ. ಪಾಪ, ಅವಳಿಗೆ ಕಿವಿ ಕೇಳಿಸುವುದಿಲ್ಲ. ನನ್ನ ಮಿಷನ್ ಅವಳಿಗೆ ಕೊಟ್ಟುಬಿಡು.”

ಸುಚರಿತಾ ಎರಡೂ ಕೈ ಚಾಚಿ ನನ್ನನ್ನು ತೆಗೆದುಕೊಂಡಳು.

ಅಂದು ಸಂಜೆ ತನ್ನ ಬಾಡಿಗೆ ಕೋಣೆಯಲ್ಲಿ ನನ್ನನ್ನು ಕಿವಿಗೆ ಇಟ್ಟುಕೊಂಡು ನೋಡಿದಳು. ಹೆಲೆನಾಳ ಕಿವಿಗೆ ಮಾಡಿದ ಅಚ್ಚು; ಕೂರಲಿಲ್ಲ, ಕುಂಯ್ ಎಂದು ಕೂಗಿಕೊಂಡೆ. ಆ ಕೂಗನ್ನು ಅವಳು ಬಹಳ ಹೊತ್ತು ಕೇಳಿಸಿಕೊಂಡು ಕೂತಳು. ಆಮೇಲೆ ಬ್ಯಾಟರಿ ತೆಗೆದಳು.

ಈಗ ನಾನು ಅವಳ ಮೇಜಿನ ಖಾನೆಯಲ್ಲಿದ್ದೇನೆ. ಸದ್ದನ್ನು ದೊಡ್ಡದು ಮಾಡಲು ನನಗೆ ಬರುತ್ತಿತ್ತು. ಸದ್ದಿನೊಳಗಿನ ಮಾತನ್ನು ದಾಟಿಸಲು ಬರಲಿಲ್ಲ. ಕೆಲಸಕ್ಕೆ ಹೊರಡುವ ಮುಂಚೆ ಸುಚರಿತಾ ಖಾನೆ ತೆರೆದು ಒಂದು ಗಳಿಗೆ ನನ್ನನ್ನು ನೋಡುತ್ತಾಳೆ. ಅವಳ ತುಟಿಗಳು ಅಲ್ಲಾಡುತ್ತವೆ. ಏನನ್ನುತ್ತಾಳೋ, ಬ್ಯಾಟರಿಯಿಲ್ಲದ ನನಗೆ ಕೇಳಿಸುವುದಿಲ್ಲ.