ಏಳನೇ ಪಾತಿ

ಒಂಬತ್ತನೇ ಟೊಮೇಟೊ ಗಿಡವನ್ನು ಬೇರುಸಮೇತ ಕೀಳುತ್ತಿದ್ದಾಗ ಅವಳ ಫೋನು ಬಡಿದುಕೊಂಡಿತು. ಮಣ್ಣಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ನೋಡಿದಳು. ಟೈಲರಣ್ಣ, ಆಸ್ಪತ್ರೆಯಿಂದ.

"ತೋಟದಮ್ಮಾ, ನನ್ನ ಟೊಮೇಟೊ ಹೇಗಿದೆ?"

ಬೆಳಿಗ್ಗೆಯಿಂದ ಅವಳು ಯಾರೊಂದಿಗೂ ಮಾತಾಡಿರಲಿಲ್ಲ. ಕಿತ್ತ ಗಿಡವನ್ನು ಪಕ್ಕಕ್ಕಿಟ್ಟು, "ಚೆನ್ನಾಗಿದೆ ಅಣ್ಣಾ, ಹೂ ಬಿಟ್ಟಿದೆ" ಎಂದುಬಿಟ್ಟಳು.

ಹದಿನಾಲ್ಕು ಮನೆಯವರು ಸೇರಿ ಮಾಡುತ್ತಿದ್ದ ತೋಟ ಅದು. ಮನೆಗೊಂದು ಪಾತಿ. ಗೊಬ್ಬರ ತಾವೇ ಕೊಳೆಸಿದ್ದು, ವಿಷದ ಔಷಧಿ ಒಂದು ಹನಿಯೂ ಇಲ್ಲ. ಭಾನುವಾರ ಬಂತೆಂದರೆ ಕಳೆ ಕೀಳುವ ಕೈಗಳಿಗಿಂತ ಹರಟುವ ಬಾಯಿಗಳೇ ಹೆಚ್ಚು. ಊರಿನ ಜನರಲ್ಲಿ ಸೋಂಕು ಹಬ್ಬಿದ ಮೇಲೆ ಒಬ್ಬರಿಗೆ ಮಾತ್ರ ಒಳಗಿರಲು ಅನುಮತಿ ಸಿಕ್ಕಿತು. ಹಿಂದೆ ಮುಂದೆ ಯಾರೂ ಇಲ್ಲದವಳು ಎಂದು ಎಲ್ಲರೂ ಅವಳನ್ನೇ ಆರಿಸಿದರು. ಗುದ್ದಲಿ, ಕುಡುಗೋಲು ಇಡುವ ಕೋಣೆಯಲ್ಲೇ ಚಾಪೆ ಹಾಸಿಕೊಂಡಳು. ಬುಧವಾರ, ಶನಿವಾರ ತರಕಾರಿ ಚೀಲಗಳನ್ನು ಗೇಟಿನ ಹೊರಗಿಟ್ಟು ಹಿಂದೆ ಸರಿಯುತ್ತಿದ್ದಳು. ಅವರು ಬಂದು ಎತ್ತಿಕೊಂಡು, ಮಾಸ್ಕಿನೊಳಗೇ ಏನೋ ಅಂದು ಹೋಗುತ್ತಿದ್ದರು.

ಏಳನೇ ಪಾತಿಯಲ್ಲಿ ಟೈಲರಣ್ಣನ ಗಿಡಗಳು ಹಸಿರಾಗಿರುವಾಗಲೇ ಜೋತುಬಿದ್ದಿದ್ದವು. ಕಾಂಡ ಕತ್ತರಿಸಿ ನೀರಿನ ಲೋಟದಲ್ಲಿಟ್ಟಾಗ ಹಾಲಿನಂಥ ಎಳೆಯೊಂದು ಇಳಿದಿತ್ತು. ಸೊರಗು ರೋಗ. ಬಿಟ್ಟರೆ ಪಕ್ಕದ ಬದನೆ, ಮೆಣಸಿನ ಗಿಡಗಳಿಗೂ ಹರಡುತ್ತದೆ. ಇಪ್ಪತ್ತೆರಡನ್ನೂ ಕಿತ್ತು ಸುಟ್ಟಳು.

ಸುಳ್ಳು ಹತ್ತು ದಿನ ನಡೆಯಿತು. ಅವಳ ಮಾತಿನಲ್ಲಿ ಹೂ ಪೀಚಾಯಿತು, ಪೀಚು ಗೋಲಿಯಷ್ಟಾಯಿತು. ಹನ್ನೊಂದನೇ ಸಂಜೆ ಅವಳಿಂದ ಆಗಲಿಲ್ಲ. ದಿನಕ್ಕೆ ಆಡುವುದೇ ನಾಲ್ಕು ಮಾತು, ಅದೂ ಸುಳ್ಳು.

"ಅಣ್ಣಾ, ನಿಮ್ಮ ಗಿಡಗಳ್ನ ಕಿತ್ತುಬಿಟ್ಟೆ. ಸೊರಗು ರೋಗ ಬಂದಿತ್ತು. ನಾನು ಹೇಳಿದ್ದೆಲ್ಲ ಸುಳ್ಳು."

ಟೈಲರಣ್ಣ ಏದುಸಿರಿನ ನಡುವೆಯೇ ಕೇಳಿದ, "ಬೇರೆಯವರ ಪಾತಿಗೆ ಹಬ್ಬಿತಾ?"

"ಇಲ್ಲ."

"ಮತ್ಯಾಕಮ್ಮಾ ಅಳ್ತೀಯಾ? ಈಗ ಅಲ್ಲೇನು ಹಾಕಿದ್ದೀಯಾ?"

"ಸುಣ್ಣ. ಮಣ್ಣು ಸ್ವಲ್ಪ ದಿನ ಸುಧಾರಿಸ್ಕೊಳ್ಳಲಿ."

"ಸುಧಾರಿಸ್ಕೊಳ್ಳಲಿ. ಈ ಸಲ ನೆಡೋವಾಗ ನಾನೇ ಟೇಪು ಹಿಡಿದು ಅಳೀತೀನಿ. ನಿನ್ನ ಸಾಲುಗಳು ನೋಡು, ಕಲಿಯೋರು ಹೊಲಿದ ಅಂಗಿ ಥರ ಇರ್ತವೆ."

ಅವಳು ನಕ್ಕಳು. ಎಷ್ಟೋ ದಿನದ ಮೇಲೆ ಕೇಳಿದ ತನ್ನ ನಗುವಿಗೆ ತಾನೇ ಬೆಚ್ಚಿದಳು.

ಮರುದಿನ ಫೋನು ಬರಲಿಲ್ಲ. ಅದರ ಮರುದಿನ ಬಂದದ್ದು ಅವನ ಮಗಳದು. ಎರಡೇ ಮಾತು, "ಅಪ್ಪ ಹೋಗ್ಬಿಟ್ರು. ನಮಗೂ ನೋಡೋಕೆ ಬಿಡಲಿಲ್ಲ."

ಮೂರು ವಾರ ಕಳೆದು ಒಂದು ಶನಿವಾರ ಅವನ ಹೆಂಡತಿ ಗೇಟಿಗೆ ಬಂದಳು. ಚೀಲ ಎತ್ತಿಕೊಳ್ಳದೆ ನಿಂತಳು.

"ಅವರದ್ದು ಯಾವ ಪಾತಿ? ನಾನು ಒಂದಿನಾನೂ ಬಂದವಳಲ್ಲ. ಮಣ್ಣು ಮೆತ್ತಿದ ಬಟ್ಟೆ ಯಾರು ಒಗೀತಾರೆ ಅಂತ ಬೈತಿದ್ದೆ."

"ಅಲ್ಲಿ ಅತ್ತಿಗೆ, ಜೋಳದಾಚೆ."

"ಕಾಣಿಸ್ತಿಲ್ಲವಲ್ಲಮ್ಮಾ."

ಒಳಗೆ ಕರೆಯುವಂತಿರಲಿಲ್ಲ. "ಇಲ್ಲೇ ಇರಿ" ಎಂದು ಅವಳು ಸಾಲುಗಳ ನಡುವೆ ಬಿರಬಿರನೆ ನಡೆದಳು. ಜೋಳ ಅವಳಿಗಿಂತ ಎತ್ತರ ಬೆಳೆದಿತ್ತು. ಖಾಲಿ ಪಾತಿಯ ನಡುವೆ ನಿಂತು, ತೆನೆಗಳ ಮೇಲೆ ಕಾಣುವಂತೆ ಎರಡೂ ಕೈ ಎತ್ತಿದಳು.

"ಕಂಡಿತಾ ಅತ್ತಿಗೆ?"

ಅಲ್ಲಿಂದ ಗೇಟು ಅವಳಿಗೂ ಕಾಣುತ್ತಿರಲಿಲ್ಲ. ಅತ್ತಿಗೆ ಇನ್ನೂ ನೋಡುತ್ತಿರಬಹುದೆಂದು, ತೋಳು ಸೋಲುತ್ತಿದ್ದರೂ ಕೈ ಇಳಿಸದೆ ಅವಳು ಹಾಗೇ ನಿಂತಿದ್ದಳು.