ನಲವತ್ತು ಓಟ

ಏಳನೇ ಓಟ ಮುಗಿಯುವ ಹೊತ್ತಿಗೆ ಅವಳ ಜೀವ ಬಾಯಿಗೆ ಬಂದಿತ್ತು. ಎರಡೂ ಮಂಡಿಯ ಮೇಲೆ ಕೈಯೂರಿ, ತಲೆ ಬಗ್ಗಿಸಿ, ಟ್ರ್ಯಾಕಿನ ಮಣ್ಣನ್ನೇ ನೋಡುತ್ತ ನಿಂತಳು. ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕಿ ಮಣ್ಣಿನಲ್ಲಿ ಸಣ್ಣ ಸಣ್ಣ ಗುಳಿ ಮಾಡುತ್ತಿತ್ತು. ಬೆಂಚಿನ ಮೇಲೆ ಕೂತಿದ್ದ ಅತ್ತೆ ಬಾಯಿಂದ ಸೀಟಿ ತೆಗೆದು, ಕೈಗಡಿಯಾರ ನೋಡಿ, ಆಮೇಲೆ ಸೊಸೆಯನ್ನು ನೋಡಿದರು.

"ನಮ್ಮ ಡಿಪೋದಲ್ಲಿ ಒಂದು ಹಳೇ ಬಸ್ಸಿತ್ತು," ಅಂದರು. "ಏರು ಬಂದ್ರೆ ನಿನ್ನ ಥರಾನೇ ನಿಂತ್ಬಿಡೋದು. ಪಾಪ, ಅದರ ಮೇಲೆ ಅರವತ್ತು ಜನ ಕೂತಿರ್ತಿದ್ರು."

"ನನಗೂ ನಲವತ್ಮೂರು ವರ್ಷ ಆಯ್ತು ಅತ್ತೆ."

"ಆಗ್ಲಿ. ನಿನ್ನ ಮೇಲೆ ಯಾರೂ ಕೂತಿಲ್ವಲ್ಲ."

ಅವಳಿಗೆ ನಗು ಬಂತು. ಆದರೆ ನಗುವುದಕ್ಕೂ ಉಸಿರು ಬೇಕು, ಅದೇ ಇರಲಿಲ್ಲ.

ಹನ್ನೆರಡು ವರ್ಷ ಫುಟ್‌ಬಾಲ್ ಪಂದ್ಯಗಳಿಗೆ ರೆಫರಿಯಾಗಿದ್ದವಳು ಅವಳು. ಒಂದು ಪಂದ್ಯದ ಕೊನೆಯಲ್ಲಿ ಗಕ್ಕನೆ ತಿರುಗುವಾಗ ಬಲಮಂಡಿಯೊಳಗೆ ಏನೋ ಪಟ್ ಎಂದಿತು. ಆಪರೇಷನ್ ಆಯಿತು. ಡಾಕ್ಟರು ಎಂಟು ತಿಂಗಳು ವಿಶ್ರಾಂತಿ ಎಂದಿದ್ದರು. ಎಂಟು ಹತ್ತಾಯಿತು, ಹತ್ತು ಮೂವತ್ತಾಯಿತು. ಇವತ್ತು ಮಗಳಿಗೆ ಜ್ವರ, ನಾಳೆ ಲ್ಯಾಬಿನಲ್ಲಿ ಕೆಲಸ ಜಾಸ್ತಿ, ನಾಡಿದ್ದು ಸುಮ್ಮನೆ ಮೈಗಳ್ಳತನ. ಲ್ಯಾಬ್ ಎಂದರೆ ಹಲ್ಲಿನ ಸೆಟ್ಟುಗಳನ್ನು ತಯಾರಿಸುವ ಜಾಗ. ದಿನಕ್ಕೆ ಒಂಬತ್ತು ಗಂಟೆ ಸ್ಟೂಲಿನ ಮೇಲೆ ಕೂತು, ಸಣ್ಣ ದೀಪದಲ್ಲಿ ಮೇಣ ಕರಗಿಸಿ, ಎಂದೂ ನೋಡದ ಬಾಯಿಗಳಿಗೆ ದವಡೆ ಜೋಡಿಸುವ ಕೆಲಸ. ಕೈಬೆರಳು ಬಿಟ್ಟರೆ ಮೈಯಲ್ಲಿ ಬೇರೇನೂ ಅಲ್ಲಾಡಬೇಕಾಗಿರಲಿಲ್ಲ, ಅಲ್ಲಾಡಲೂ ಇಲ್ಲ.

ಅಷ್ಟರಲ್ಲಿ ಸಂಘದಿಂದ ಕಾಗದ ಬಂತು. ಮೂರು ವರ್ಷ ಸತತವಾಗಿ ಓಟದ ಪರೀಕ್ಷೆಗೆ ಬಾರದವರ ಹೆಸರನ್ನು ಪಟ್ಟಿಯಿಂದ ತೆಗೆಯಲಾಗುವುದು. ನಲವತ್ತು ದಾಟಿದವರನ್ನು ಮತ್ತೆ ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ. ಪರೀಕ್ಷೆಗೆ ಉಳಿದದ್ದು ಐದು ತಿಂಗಳು. ಅದರಲ್ಲಿ ತಪ್ಪಿದರೆ ಜೀವಮಾನದಲ್ಲಿ ಇನ್ನು ಮೈದಾನದ ಗೆರೆಯೊಳಗೆ ಕಾಲಿಡುವ ಹಾಗಿಲ್ಲ.

ಅವಳು ಕಾಗದವನ್ನು ಮೂರು ಸಲ ಓದಿದಳು. ಮೈದಾನದಲ್ಲಿ ಅವಳು ಕೈ ತೋರಿಸಿದ ಕಡೆಗೆ ಇಪ್ಪತ್ತೆರಡು ಜನ ತಿರುಗುತ್ತಿದ್ದರು. ಮನೆಯಲ್ಲಿ ಅವಳು ಕೈ ತೋರಿಸಿದ ಕಡೆಗೆ ಬೆಕ್ಕೂ ತಿರುಗುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಓಡಿಕೊಂಡಿದ್ದ ಆ ಹೆಂಗಸು ಅವಳಿಗೆ ಇಷ್ಟವಾಗಿದ್ದಳು. ಅವಳನ್ನು ಮತ್ತೆ ನೋಡಬೇಕು ಅನ್ನಿಸಿತು.

ಪರೀಕ್ಷೆ ಕೇಳುವುದಕ್ಕೆ ಸುಲಭ. ಸೀಟಿ ಊದಿದೊಡನೆ ಎಪ್ಪತ್ತೈದು ಮೀಟರನ್ನು ಹದಿನೇಳು ಸೆಕೆಂಡಿನೊಳಗೆ ಓಡಿ ಗುರುತು ಮುಟ್ಟಬೇಕು, ಅವಧಿ ಮುಗಿದಾಗಲೂ ಸೀಟಿ. ಆಮೇಲೆ ಇಪ್ಪತ್ತೈದು ಮೀಟರ್ ನಡೆಯಬೇಕು, ಅದಕ್ಕೆ ಇಪ್ಪತ್ತೆರಡು ಸೆಕೆಂಡು. ಮತ್ತೆ ಸೀಟಿ, ಮತ್ತೆ ಓಟ. ಹೀಗೆ ನಲವತ್ತು ಸಲ, ಟ್ರ್ಯಾಕಿಗೆ ಹತ್ತು ಸುತ್ತು. ಒಮ್ಮೆ ಗುರುತು ಮುಟ್ಟುವುದು ತಡವಾದರೆ ಹಳದಿ ಕಾರ್ಡು. ಎರಡನೇ ಸಲ ತಡವಾದರೆ ಮನೆಗೆ.

ಮೊದಲನೇ ದಿನ ಅವಳು ಮಾಡಿದ ತಪ್ಪು, ಒಂದು ಕಾಲದಲ್ಲಿ ಚೆನ್ನಾಗಿ ಓಡಿದವರಷ್ಟೇ ಮಾಡುವಂಥದ್ದು. ಹಳೆಯ ಬೂಟು ಹಾಕಿಕೊಂಡಳು, ಹಳೆಯ ವೇಗದಲ್ಲೇ ಹೊರಟಳು. ತಲೆಗೆ ಎಲ್ಲ ನೆನಪಿತ್ತು, ಕಾಲು ಮರೆತಿತ್ತು. ನಾಲ್ಕನೇ ದಿನ ಮೀನಖಂಡ ಹಿಡಿದುಕೊಂಡಿತು, ಗಂಡ ಬಂದು ಹೆಗಲು ಕೊಟ್ಟು ಕರೆದೊಯ್ಯಬೇಕಾಯಿತು. ಗಂಡ ಲಿಫ್ಟ್ ಮೆಕ್ಯಾನಿಕ್. ಮೂರು ಮೆಟ್ಟಿಲಿದ್ದರೂ ಲಿಫ್ಟಿಗೆ ಕಾಯುವ ಆಸಾಮಿ.

"ಮನುಷ್ಯ ಓಡಬಾರದು, ಹತ್ತಬಾರದು ಅಂತಾನೇ ನಾವೆಲ್ಲ ಇಷ್ಟು ಕಷ್ಟಪಡ್ತಿರೋದು," ಎಂದು ಅವನು ಅವಳ ಕಾಲಿಗೆ ಐಸು ಒತ್ತುತ್ತ ಹೇಳಿದ. "ನಮ್ಮ ಹೊಟ್ಟೆ ಮೇಲೆ ಯಾಕೆ ಹೊಡೀತೀಯ?"

ಅವಳು ಗೋಡೆಯ ಕಡೆ ಮುಖ ತಿರುಗಿಸಿ ಅತ್ತಳು. ನೋವಿಗಲ್ಲ. ತನ್ನ ಕಾಲೇ ತನ್ನ ಮಾತು ಕೇಳಲಿಲ್ಲವಲ್ಲ ಎನ್ನುವ ಅವಮಾನಕ್ಕೆ.

ಅತ್ತೆ ಕಣಕ್ಕಿಳಿದದ್ದು ಆಗಲೇ. ಇಪ್ಪತ್ತೆಂಟು ವರ್ಷ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಮನೆಯಲ್ಲಿ ಯಾರು ಎಷ್ಟು ಹೊತ್ತಿಗೆ ಸ್ನಾನಕ್ಕೆ ಹೋಗಬೇಕು ಎನ್ನುವುದಕ್ಕೂ ಅವರ ಬಳಿ ವೇಳಾಪಟ್ಟಿ ಇತ್ತು. ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಅದರ ಬೆನ್ನಿಗೆ ಸ್ಕೇಲಿಟ್ಟು ಗೆರೆ ಎಳೆದರು.

"ಮೊದಲ್ನೇ ತಿಂಗಳು ನಾಲ್ಕು ನಿಮಿಷ ನಡಿಗೆ, ಒಂದು ನಿಮಿಷ ಓಟ. ಅಷ್ಟೇ."

"ಒಂದು ನಿಮಿಷ ಓಡಿದ್ರೆ ಏನಾಗುತ್ತೆ ಅತ್ತೆ? ಮಕ್ಕಳೂ ಓಡ್ತಾರೆ."

"ಟೈಮಿಗಿಂತ ಮುಂಚೆ ಹೊರಟ ಬಸ್ಸಿಗೂ ನಮ್ಮಲ್ಲಿ ಮೆಮೋ ಕೊಡ್ತಿದ್ರು, ಗೊತ್ತಾ? ತಡ ಆದ್ರೆ ಜನ ಬೈತಾರೆ. ಮುಂಚೆ ಹೋದ್ರೆ ಜನರೇ ಇರಲ್ಲ. ನಿನ್ನ ಉಸಿರು ಇನ್ನೂ ಸ್ಟಾಪಿಗೇ ಬಂದಿಲ್ಲ, ನೀನು ಗಾಡಿ ಬಿಟ್ಟರೆ ಹೇಗೆ?"

ಹೀಗೆ ಪ್ರತಿದಿನ ಬೆಳಗ್ಗೆ ಐದೂವರೆಗೆ ಅತ್ತೆ ಸೊಸೆ ಇಬ್ಬರೂ ಮುನಿಸಿಪಲ್ ಮೈದಾನಕ್ಕೆ ಹೊರಟರು. ವಾಕಿಂಗಿಗೆ ಬರುತ್ತಿದ್ದ ಮುದುಕರು ಇವಳನ್ನು ದಾಟಿ ಮುಂದೆ ಹೋಗುತ್ತಿದ್ದರು. ಒಬ್ಬರಂತೂ ಪಕ್ಕದಲ್ಲಿ ಹೋಗುವಾಗ "ನಿಧಾನ ಅಮ್ಮ, ಒತ್ತಡ ತಗೋಬೇಡಿ" ಎಂದು ಕನಿಕರಪಟ್ಟರು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ನಾಲ್ಕು ನಿಮಿಷ ಮುಗಿಯುವವರೆಗೆ ನಡೆದೇ ಹೋದಳು.

ಎರಡನೇ ತಿಂಗಳು ಓಟ ಶುರುವಾದಾಗ ಜಗಳವೂ ಶುರುವಾಯಿತು. ಪರೀಕ್ಷೆಯಲ್ಲಿ ಒಂದು ಸೀಟಿಗೆ ಹೊರಡಬೇಕು. ಅತ್ತೆ ಎರಡು ಊದುತ್ತಿದ್ದರು.

"ಒಂದೇ ಊದಿ ಅಂದ್ನಲ್ಲ ಅತ್ತೆ."

"ಒಂದು ಊದಿದ್ರೆ ಗಾಡಿ ನಿಲ್ಲಬೇಕು. ಎರಡು ಊದಿದ್ರೆ ಹೊರಡಬೇಕು. ಇಪ್ಪತ್ತೆಂಟು ವರ್ಷ ಊದಿದೀನಿ."

"ಇದು ಬಸ್ಸಲ್ಲ."

"ಅದು ನಂಗೂ ಕಾಣುತ್ತೆ. ಬಸ್ಸಾಗಿದ್ರೆ ಇಷ್ಟು ಹೊತ್ತಿಗೆ ಊರು ಸೇರಿರೋದು."

ನಾಲ್ಕು ದಿನ ಅವರು ಪ್ರಯತ್ನಪಟ್ಟರು. ಒಂದು ಊದಿ ಸುಮ್ಮನಾಗುವುದು ಅವರ ಕೈಲಾಗಲಿಲ್ಲ. ಎರಡನೆಯದು ತಾನಾಗಿಯೇ ಹೊರಬಂದುಬಿಡುತ್ತಿತ್ತು. ಹಾಳಾಗಿ ಹೋಗಲಿ, ಸೀಟಿ ಸೀಟಿಯೇ ಎಂದು ಅವಳು ಬಿಟ್ಟುಬಿಟ್ಟಳು.

ಏಳು ಓಟ ಹತ್ತಾಯಿತು. ಹತ್ತರಲ್ಲೇ ಮೂರು ವಾರ ಗೂಟ ಹೊಡೆದು ಕೂತಿತು. ಬಿಟ್ಟುಬಿಡೋಣ ಎಂದು ಅವಳು ಬೂಟನ್ನು ಕಪಾಟಿನ ಮೇಲೆ ಎಸೆದಳು. ಮರುದಿನ ಬೆಳಗ್ಗೆ ಐದೂವರೆಗೆ ಅತ್ತೆ ಒಬ್ಬರೇ ಮೈದಾನಕ್ಕೆ ಹೋಗಿ, ಬೆಂಚಿನ ಮೇಲೆ ಕೂತು, ಒಂದು ಗಂಟೆ ಖಾಲಿ ಟ್ರ್ಯಾಕು ನೋಡಿಕೊಂಡು ಬಂದರು. "ಪ್ಯಾಸೆಂಜರ್ ಇಲ್ಲ ಅಂತ ಟ್ರಿಪ್ಪು ನಿಲ್ಸೋಕಾಗಲ್ಲ," ಎಂದಷ್ಟೇ ಹೇಳಿ ಪೇಪರು ಹಿಡಿದು ಕೂತರು. ಅದರ ಮರುದಿನ ಅವಳು ಸ್ಟೂಲು ಹಾಕಿಕೊಂಡು ಬೂಟು ಇಳಿಸಿದಳು.

ಒಂದು ದಿನ ಲ್ಯಾಬಿನಲ್ಲಿ ಕರೆಂಟು ಹೋಗಿ, ಪ್ಲಾಸ್ಟರಿನ ಮೂಟೆ ಹೊತ್ತುಕೊಂಡು ಮೂರು ಮಹಡಿ ಹತ್ತಬೇಕಾಯಿತು. ಜೊತೆಯವಳು ಎರಡನೇ ಮಹಡಿಯಲ್ಲೇ ಗೋಡೆಗೆ ಒರಗಿದಳು. ಇವಳು ಮೇಲೆ ಹೋಗಿ ಮೂಟೆ ಇಳಿಸಿ, ಅವಳ ಮೂಟೆಗೂ ಕೆಳಗಿಳಿದು ಬಂದಳು. ಆಗ ಗೊತ್ತಾಯಿತು, ಹತ್ತುವಾಗ ಪೂರ್ತಿ ಹೊತ್ತು ತಾನು ಮಾತಾಡುತ್ತಲೇ ಇದ್ದೆನೆಂದು. ಆ ವಾರ ಓಟ ಹದಿನೆಂಟಾಯಿತು. ಮುಂದಿನ ತಿಂಗಳು ಇಪ್ಪತ್ತಾರು. ಕನಿಕರಪಟ್ಟಿದ್ದ ಮುದುಕರು ಈಗ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಪರೀಕ್ಷೆಯ ಹಿಂದಿನ ವಾರ ಅವಳು ಮೂವತ್ತೈದು ಮುಟ್ಟಿದಳು. ನಲವತ್ತನ್ನು ಒಮ್ಮೆಯೂ ಮುಟ್ಟಿರಲಿಲ್ಲ.

ಪರೀಕ್ಷೆಯ ದಿನ ಹದಿನಾಲ್ಕು ಜನ ಬಂದಿದ್ದರು. ಹೆಚ್ಚಿನವರು ಅವಳಿಗಿಂತ ಹದಿನೈದು ವರ್ಷ ಚಿಕ್ಕವರು. ಪರೀಕ್ಷಕ ಎತ್ತರದ ಬೋಳುತಲೆಯ ಮನುಷ್ಯ. ಆಟಗಾರನಾಗಿದ್ದ ಕಾಲದಲ್ಲಿ ಅವಳಿಂದಲೇ ಒಮ್ಮೆ ಕೆಂಪು ಕಾರ್ಡು ತಿಂದು ಹೊರನಡೆದಿದ್ದ. "ವಾಪಸ್ ಬಂದ್ರಾ ಮೇಡಂ," ಎಂದ. ಕುಹಕವೋ ಸಂತೋಷವೋ ತಿಳಿಯಲಿಲ್ಲ. ಅತ್ತೆ ಮೇಲೆ ಗ್ಯಾಲರಿಯಲ್ಲಿ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ಎಲ್ಲರೂ ಗೆರೆಯ ಮೇಲೆ ನಿಂತರು. ಸ್ಪೀಕರಿನಿಂದ ಸೀಟಿ ಬಂತು, ಒಂದೇ ಒಂದು, ಸ್ಪಷ್ಟವಾಗಿ. ಹದಿಮೂರು ಜನ ಹೊರಟರು. ಅವಳು ನಿಂತೇ ಇದ್ದಳು.

ಮನಸ್ಸಿಗೆ ಗೊತ್ತಿತ್ತು. ಕಾಲು ಮಾತ್ರ ಎರಡನೇ ಸೀಟಿಗೆ ಕಾಯುತ್ತಿತ್ತು. ಬಿದ್ದೆನೋ ಎದ್ದೆನೋ ಎಂಬಂತೆ ಅವಳು ಓಡಿದಳು. ಗುರುತು ಇನ್ನೂ ಆರು ಹೆಜ್ಜೆ ಇರುವಾಗಲೇ ಹದಿನೇಳು ಸೆಕೆಂಡು ಮುಗಿಯಿತು. ಪರೀಕ್ಷಕ ಜೇಬಿನಿಂದ ಹಳದಿ ಕಾರ್ಡು ತೆಗೆದು ಅವಳ ಮುಖದ ಮುಂದೆ ಎತ್ತಿ ಹಿಡಿದ. ಹನ್ನೆರಡು ವರ್ಷ ಇನ್ನೊಬ್ಬರಿಗೆ ತೋರಿಸಿದ ಕಾರ್ಡನ್ನು ಅವಳು ಈ ಕಡೆಯಿಂದ ನೋಡಿದ್ದು ಅದೇ ಮೊದಲು. ಗ್ಯಾಲರಿಯಲ್ಲಿ ಅತ್ತೆ ಎದ್ದು ನಿಂತು ಬಾಯಿಯ ಮೇಲೆ ಕೈ ಇಟ್ಟುಕೊಂಡದ್ದು ಕಾಣಿಸಿತು.

ಇನ್ನು ಮೂವತ್ತೊಂಬತ್ತು. ಒಂದೂ ತಪ್ಪುವ ಹಾಗಿಲ್ಲ.

ನಡೆಯುವ ಇಪ್ಪತ್ತೆರಡು ಸೆಕೆಂಡಿನಲ್ಲಿ ಅವಳು ತನ್ನ ಬಲಗಾಲಿಗೆ ಬೈದಳು. ಮುಂದಿನ ಸೀಟಿಗೆ ಎಲ್ಲರಿಗಿಂತ ಮೊದಲು ಹೊರಟಳು. ಸಿಟ್ಟಿನಲ್ಲಿ ಮೂರು ಸೆಕೆಂಡು ಮುಂಚೆಯೇ ಗುರುತು ತಲುಪಿ, ಮುಂಚೆ ಹೋದ ಬಸ್ಸಿಗೂ ಮೆಮೋ ಎಂದು ತನಗೆ ತಾನೇ ಹೇಳಿಕೊಂಡು ವೇಗ ಇಳಿಸಿದಳು. ಆಮೇಲೆ ಲಯ ಸಿಕ್ಕಿತು. ಹತ್ತು, ಹದಿನೈದು, ಇಪ್ಪತ್ತು. ಮೊದಲಿಗೆ ಬಾಣದ ಹಾಗೆ ಹೋಗುತ್ತಿದ್ದ ಹುಡುಗನೊಬ್ಬ ಇಪ್ಪತ್ತೆರಡರಲ್ಲಿ ಹೊಟ್ಟೆ ಹಿಡಿದು ಕೂತ. ಅವಳು ಅವನನ್ನು ನೋಡದೆ ದಾಟಿದಳು. ಮೂವತ್ತರ ಹೊತ್ತಿಗೆ ತೊಡೆ ಕಲ್ಲಾಯಿತು. ಮೂವತ್ತಮೂರರಲ್ಲಿ ಆಪರೇಷನ್ ಆದ ಮಂಡಿ ಮಾತಾಡತೊಡಗಿತು. ಪ್ರತಿ ಗುರುತಿನಲ್ಲೂ ಪರೀಕ್ಷಕ ಬಗ್ಗಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವಳ ಪಾದವನ್ನೇ ನೋಡುತ್ತಿದ್ದ.

ಮೂವತ್ತೈದು. ಇಲ್ಲಿಯವರೆಗಿನ ದಾರಿ ಗೊತ್ತಿತ್ತು. ಮುಂದಿನದು ಗೊತ್ತಿರಲಿಲ್ಲ.

ಮೂವತ್ತಾರನೇ ಓಟದಲ್ಲಿ ಕಣ್ಣು ಮಂಜಾಯಿತು. ಮೂವತ್ತೆಂಟರಲ್ಲಿ ಅವಳ ಎಡಪಾದ ಗುರುತಿನೊಳಗೆ ಬಿದ್ದದ್ದೂ ಸೀಟಿ ಮೊಳಗಿದ್ದೂ ಒಟ್ಟಿಗೇ. ಅವಳು ಪರೀಕ್ಷಕನ ಮುಖ ನೋಡಿದಳು. ಅವನು ಮತ್ತೊಮ್ಮೆ ಗುರುತಿನ ಕಡೆ ಬಗ್ಗಿ ನೋಡಿ, "ಒಳಗಿದೆ, ನಡೀರಿ," ಎಂದ. ಮೂವತ್ತೊಂಬತ್ತರಲ್ಲಿ ಹಲ್ಲು ಕಚ್ಚಿದಳು. ನಲವತ್ತನೆಯದಕ್ಕೆ ಕಚ್ಚುವುದಕ್ಕೂ ಶಕ್ತಿ ಇರಲಿಲ್ಲ, ಬಾಯಿ ಬಿಟ್ಟುಕೊಂಡೇ ಓಡಿದಳು. ಗುರುತು ದಾಟಿ ನಾಲ್ಕು ಹೆಜ್ಜೆ ಆದಮೇಲೆ ಸೀಟಿ ಕೇಳಿಸಿತು.

ಮುಗಿದಿತ್ತು. ಅವಳು ಹುಲ್ಲಿನ ಮೇಲೆ ಅಂಗಾತ ಬಿದ್ದು ಜೋರಾಗಿ ನಕ್ಕಳು. ಪರೀಕ್ಷಕ ಅವಳ ಹೆಸರಿನ ಮುಂದೆ ಗುರುತು ಹಾಕಿ, ನೀರಿನ ಬಾಟಲಿ ಕೊಟ್ಟ.

"ನೀವು ಅವತ್ತು ಕೊಟ್ಟ ಕೆಂಪು ಕಾರ್ಡು ಸರಿಯಾಗೇ ಇತ್ತು ಮೇಡಂ," ಎಂದ. "ಇಷ್ಟು ವರ್ಷ ಒಪ್ಕೊಂಡಿರ್ಲಿಲ್ಲ."

ಅತ್ತೆ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬಂದರು. ಕಣ್ಣು ಕೆಂಪಾಗಿತ್ತು.

"ಅದು ನನ್ನಿಂದಲೇ ಅಲ್ವಾ ಆಗಿದ್ದು? ಮೊದಲ್ನೇದು?"

"ನಿಮ್ಮಿಂದಲೇ," ಎಂದಳು ಅವಳು, ಮಲಗಿದ್ದಲ್ಲಿಂದಲೇ. "ಉಳಿದ ಮೂವತ್ತೊಂಬತ್ತೂ ನಿಮ್ಮಿಂದಲೇ."

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, "ಏಳು, ಹುಲ್ಲು ಒದ್ದೆ ಇದೆ," ಎಂದರು.

ಎರಡು ವಾರದ ನಂತರ, ಭಾನುವಾರ, ಅವಳಿಗೆ ಪಂದ್ಯ ಸಿಕ್ಕಿತು. ಎರಡು ಕಾಲೇಜುಗಳ ತಂಡ. ದೊಡ್ಡ ಪಂದ್ಯವೇನಲ್ಲ, ನೋಡುವುದಕ್ಕೆ ನಲವತ್ತು ಜನ ಇದ್ದರೆ ಹೆಚ್ಚು. ಬಿಸಿಲು ಚುರುಗುಟ್ಟುತ್ತಿತ್ತು. ದ್ವಿತೀಯಾರ್ಧ ಮುಗಿಯುತ್ತ ಬಂದಾಗ ಹುಡುಗಿಯರ ಸಾಕ್ಸು ಇಳಿದಿತ್ತು, ಮುಖ ಬಾಡಿತ್ತು. ಚೆಂಡು ಹೊರಗೆ ಹೋಗಿದ್ದಾಗ ಮೈದಾನದ ನಡುವೆ ಒಬ್ಬಳು ಇಪ್ಪತ್ತರ ಹುಡುಗಿ ಅವಳ ಪಕ್ಕದಲ್ಲೇ ನಿಂತು ಏದುಸಿರು ಬಿಡುತ್ತ ಕೇಳಿದಳು.

"ಮೇಡಂ, ಇನ್ನು... ಎಷ್ಟಿದೆ?"

ಅವಳು ಗಡಿಯಾರ ನೋಡಿದಳು. "ಆರು ನಿಮಿಷ," ಎಂದಳು. "ಜೊತೆಗೆ ಆಟ ಮಧ್ಯೆ ನಿಂತಿದ್ದಕ್ಕೆ ಒಂದೆರಡು ಸೇರಿಸ್ತೀನಿ. ನೀರು ಕುಡಿದು ಬಾ, ಅವಸರ ಇಲ್ಲ."

ಇಷ್ಟುದ್ದ ಮಾತನ್ನು ಅವಳು ಒಂದೇ ಉಸಿರಿಗೆ ಹೇಳಿದ್ದಳು. ಹುಡುಗಿ ಅವಳನ್ನು ಕಣ್ಣರಳಿಸಿ ನೋಡಿದಳು. ಅಷ್ಟರಲ್ಲಿ ಗೋಲ್‌ಕೀಪರ್ ಚೆಂಡನ್ನು ಬಲವಾಗಿ ಒದ್ದಳು. ಚೆಂಡು ಎಲ್ಲರ ತಲೆಯ ಮೇಲೆ ಎತ್ತರಕ್ಕೆ ಹೋಯಿತು. ಅದಿನ್ನೂ ಗಾಳಿಯಲ್ಲಿರುವಾಗಲೇ, ಅದು ಬೀಳಲಿರುವ ಕಡೆಗೆ ಅವಳು ಓಡುತ್ತಿದ್ದಳು.